ಹೊಸ ಗಾಡಿಯ ಇಂಜಿನಿಗೆ ಯಾವ ಎಣ್ಣೆ? ಬದಲಾಯಿಸುವುದು ಎಂದು?

ಮೋಟಾರುಗಾಡಿಯೆಂದರೆ ಧಣಿಗಳ ಸೊತ್ತು ಎಂದು ನಮ್ಮವರು ತಿಳಿದಿದ್ದ ಕಾಲವೊಂದಿತ್ತು. ಆ ಕಾಲ ಸರಿದುಹೋಗಿದೆ. ಇಂದು ಆಂಟಾಪ್ ಹಿಲ್ಲಿನ ಕೇಂದ್ರ ಸರಕಾರಿ ನೌಕರರ ವಸತಿಗಳ ಅಂಗಳದಲ್ಲಿಯೂ ಸೊಸೈಟಿಗಳ ಕೆಳಗೂ ಸಾಲಾಗಿ ನಿಂತ ಗಾಡಿಗಳಲ್ಲಿ ಕಚೇರಿಯ ಗುಮಾಸ್ತರ ಗಾಡಿಗಳೂ ಇವೆ. ಹೋಟೆಲಿನ ಗಲ್ಲಾದ ಮೇಲೆ ಕುಳಿತು ವರ್ಷಗಟ್ಟಲೆ ದುಡಿದವರ ಗಾಡಿಗಳೂ ಇವೆ. ಅವುಗಳಲ್ಲಿಯೂ ಈಚೆಗೆ ಎಸ್.ಯು.ವಿ. ಎಂದು ಕರೆಯಲ್ಪಡುವ, ನೆಲದಿಂದ ತುಸು ಎತ್ತರಕ್ಕೆ ನಿಂತ, ಐದಾರು ಮಂದಿಯ ಸಂಸಾರ ಗಂಟುಮೂಟೆ ಸಹಿತ ಕೂರಬಹುದಾದ ಗಾಡಿಗಳೇ ಅಧಿಕ. ಐದು ಅಥವಾ ಏಳು ವರ್ಷಗಳ ಬ್ಯಾಂಕ್ ಸಾಲ, ಪಗಾರದಲ್ಲಿ ತಿಂಗಳು ತಿಂಗಳೂ ಕಂತು. ಹೀಗೆ ಕೊಂಡ ಗಾಡಿ ಸಾಲ ತೀರುವ ಮೊದಲೇ ಮುಗ್ಗರಿಸಿತೆಂದರೆ ಆ ಸಂಸಾರದ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ.

ಇಂಜಿನಿನ ಆಯುಷ್ಯವು ಹೆಚ್ಚಾಗಿ ಅವಲಂಬಿಸಿರುವುದು ಅದರೊಳಗೆ ಹರಿಯುವ ನಾಲ್ಕೈದು ಲೀಟರು ಕೀಲೆಣ್ಣೆಯನ್ನು. ಆದರೆ ಗಾಡಿಯ ಬಣ್ಣವನ್ನು ಆರಿಸಲು ಒಂದು ತಿಂಗಳು ಚರ್ಚಿಸುವ ಮನೆಯವರು ಎಣ್ಣೆಯ ವಿಷಯವನ್ನು ಗ್ಯಾರೇಜಿನ ಹುಡುಗನ ಬಾಯಿಮಾತಿಗೆ ಬಿಟ್ಟುಬಿಡುವುದುಂಟು. ಆದಕಾರಣ ನಮ್ಮ ವಾಚಕರಿಗೆ ಉಪಯೋಗವಾಗುವಂತೆ ಈ ವಿಚಾರವನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ಸಾರವನ್ನು ಮೊದಲೇ ಹೇಳಿಬಿಡುವುದಾದರೆ, ಎಣ್ಣೆ ಎಂಥದ್ದೆಂಬುದನ್ನು ನಿರ್ಣಯಿಸತಕ್ಕದ್ದು ಗಾಡಿಯೊಡನೆ ಬಂದ ಕೈಪಿಡಿ. ಅದನ್ನು ಎಂದು ಬದಲಾಯಿಸಬೇಕೆಂಬುದನ್ನು ನಿರ್ಣಯಿಸತಕ್ಕದ್ದು ನಾವು ಗಾಡಿಯನ್ನು ಓಡಿಸುವ ರೀತಿ. ಉಳಿದುದೆಲ್ಲ ಈ ಎರಡು ಮಾತುಗಳ ವಿಸ್ತಾರ.

ಎಣ್ಣೆಯ ನೆರೆಯಲ್ಲಿಯೇ ವಾಸ

ಆಂಟಾಪ್ ಹಿಲ್ಲಿನವರಿಗೆ ಎಣ್ಣೆಯೂ ಗಾಡಿಯೂ ದೂರದ ಸಂಗತಿಗಳಲ್ಲ. ವಡಾಲಾದ ಟ್ರಕ್ ಟರ್ಮಿನಲೂ ಆರ್.ಟಿ.ಓ. ಕಚೇರಿಯೂ ಮಗ್ಗುಲಲ್ಲಿಯೇ ಇವೆ. ಪೂರ್ವದಿಕ್ಕಿಗೆ ಉಪ್ಪಿನ ಗದ್ದೆಗಳನ್ನೂ ಖಾಡಿಯನ್ನೂ ದಾಟಿದರೆ ಮಾಹುಲ್. ಅಲ್ಲಿ 1954-55ರಲ್ಲಿ ಆರಂಭವಾದ ಎರಡು ತೈಲ ಶುದ್ಧೀಕರಣಾಗಾರಗಳಿವೆ. ಅಂದು ವಿದೇಶೀ ಕಂಪನಿಗಳ ವಶದಲ್ಲಿದ್ದ ಇವುಗಳಲ್ಲಿ ಎಸ್ಸೊ ಕಂಪನಿಯದು 1974ರಲ್ಲಿಯೂ ಬರ್ಮಾ ಶೆಲ್ ಕಂಪನಿಯದು 1976ರಲ್ಲಿಯೂ ಸರಕಾರದ ಕೈಸೇರಿ, ಇಂದು ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಭಾರತ್ ಪೆಟ್ರೋಲಿಯಂ ಎಂದು ಹೆಸರಾಗಿವೆ. ಪೆಟ್ರೋಲು ಡೀಸೆಲುಗಳಷ್ಟೇ ಅಲ್ಲದೆ ಕೀಲೆಣ್ಣೆಗೆ ಬೇಕಾದ ಮೂಲತೈಲವೂ ಅಲ್ಲಿ ತಯಾರಾಗುತ್ತದೆ.

ನೆರೆಯಲ್ಲಿ ಎಣ್ಣೆ ತಯಾರಾಗುವುದರಿಂದ ನಮ್ಮ ಗಾಡಿಗೆ ವಿಶೇಷ ಲಾಭವೇನೂ ಇಲ್ಲ. ನಾವು ನೋಡಬೇಕಾದುದು ಈ ಬಡಾವಣೆಯಲ್ಲಿ ಗಾಡಿ ಹೇಗೆ ಓಡುತ್ತದೆಂಬುದನ್ನು. ಬೆಳಿಗ್ಗೆ ಮಕ್ಕಳನ್ನು ಮಾಟುಂಗಾದ ಶಾಲೆಗೆ ಬಿಡುವುದು, ಸಂಜೆ ಸಾಯನ್ ಕಡೆಗೆ ಒಂದು ಸುತ್ತು, ಆದಿತ್ಯವಾರ ದಾದರಿನ ಪೇಟೆ. ಮೂರು ನಾಲ್ಕು ಕಿಲೋಮೀಟರಿನ ದಾರಿ, ಹೆಜ್ಜೆಹೆಜ್ಜೆಗೆ ಸಿಗ್ನಲು, ಗಾಡಿಯ ಹಿಂದೆ ಗಾಡಿ. ವರ್ಷಕ್ಕೊಮ್ಮೆ ಮಾತ್ರ ಊರಿನ ಕಡೆಗೆ ದೀರ್ಘ ಪ್ರಯಾಣ. ಈ ಓಟ ಹಗುರವೆಂದು ತೋರಿದರೂ ಇಂಜಿನಿಗೆ ಇದಕ್ಕಿಂತ ಕಠಿಣವಾದ ಓಟ ಬೇರೊಂದಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಕೀಲೆಣ್ಣೆಯ ಕೆಲಸವೇನು?

ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ ನಡುವೆ ತೆಳುವಾದ ಪೊರೆಯಾಗಿ ನಿಲ್ಲುವುದು ಕೀಲೆಣ್ಣೆಯ ಮೊದಲನೆಯ ಕೆಲಸ. ಅದಷ್ಟೇ ಅಲ್ಲ. ನೀರು ತಲುಪದ ಎಡೆಗಳಿಂದ ಶಾಖವನ್ನು ಅದು ಹೊತ್ತು ತರುತ್ತದೆ, ಉರಿದ ಇಂಧನದ ಮಸಿಯನ್ನು ತನ್ನೊಳಗೆ ಹಿಡಿದಿಟ್ಟು ಫಿಲ್ಟರಿನವರೆಗೆ ಒಯ್ಯುತ್ತದೆ, ಹುಟ್ಟುವ ಆಮ್ಲವನ್ನು ಶಮನ ಮಾಡುತ್ತದೆ, ತುಕ್ಕನ್ನು ತಡೆಯುತ್ತದೆ. ಹೊಸ ಇಂಜಿನುಗಳಲ್ಲಿ ಇನ್ನೊಂದು ಹೊಣೆಯೂ ಅದರ ತಲೆಗೆ ಬಿದ್ದಿದೆ. ಕವಾಟಗಳು ತೆರೆದು ಮುಚ್ಚುವ ಸಮಯವನ್ನು ಹಿಂದುಮುಂದು ಮಾಡುವ ಯಂತ್ರಭಾಗಗಳು ಎಣ್ಣೆಯ ಒತ್ತಡದಿಂದಲೇ ಚಲಿಸುತ್ತವೆ. ಟರ್ಬೊ ಇರುವ ಗಾಡಿಗಳಲ್ಲಿ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುವ ಅಚ್ಚನ್ನು ಸುಡುಬಿಸಿಯಲ್ಲಿ ಎತ್ತಿ ಹಿಡಿಯುವುದೂ ಇದೇ ಎಣ್ಣೆ. ಕೂದಲೆಳೆಗಿಂತ ಕಿರಿದಾದ ಸಂದುಗಳಲ್ಲಿ, ಸರಿಯಾದ ಹೊತ್ತಿಗೆ, ಸರಿಯಾದ ಒತ್ತಡದಲ್ಲಿ ಅದು ಹರಿಯಬೇಕು.

ಡಬ್ಬಿಯ ಮೇಲಿನ ಅಂಕಿಗಳು

ಎಣ್ಣೆಯ ಡಬ್ಬಿಯ ಮೇಲೆ 0ಡಬ್ಲ್ಯು-20, 5ಡಬ್ಲ್ಯು-30 ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಇದು ಅಮೆರಿಕದ ಮೋಟಾರು ಇಂಜಿನಿಯರರ ಸಂಘವಾದ ಎಸ್.ಎ.ಇ. 1911ರಲ್ಲಿ ಆರಂಭಿಸಿ ಕಾಲಕಾಲಕ್ಕೆ ತಿದ್ದುತ್ತ ಬಂದಿರುವ ವಿಂಗಡಣೆ. ಡಬ್ಲ್ಯು ಎಂದರೆ ಇಂಗ್ಲಿಷಿನಲ್ಲಿ ಚಳಿಗಾಲದ ಮೊದಲಕ್ಷರ. ಅದರ ಮುಂಚಿನ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಡಿಲವಾಗಿ ಉಳಿಯುತ್ತದೆಂಬುದನ್ನು ತಿಳಿಸುತ್ತದೆ. ಅಂಕಿ ಕಿರಿದಾದಷ್ಟೂ ಸಡಿಲ. 0ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 35 ಡಿಗ್ರಿ ಕೆಳಗೆ, 5ಡಬ್ಲ್ಯು ಎಣ್ಣೆಯನ್ನು 30 ಡಿಗ್ರಿ ಕೆಳಗೆ ಪರೀಕ್ಷಿಸುತ್ತಾರೆ. ಹಿಂದಿನ ಅಂಕಿ, ಇಂಜಿನು ಪೂರ್ತಿ ಕಾದು 100 ಡಿಗ್ರಿಗೆ ಬಂದಾಗ ಎಣ್ಣೆ ಎಷ್ಟು ಗಟ್ಟಿಯಾಗಿರುತ್ತದೆಂಬುದರ ಸೂಚಕ. ಸೆಂಟಿಸ್ಟೋಕ್ ಎಂಬ ಅಳತೆಯಲ್ಲಿ 20ರ ಎಣ್ಣೆ 6.9ರಿಂದ 9.3ರವರೆಗೆ, 30ರ ಎಣ್ಣೆ 9.3ರಿಂದ 12.5ರವರೆಗೆ, 40ರ ಎಣ್ಣೆ 12.5ರಿಂದ 16.3ರವರೆಗೆ ಇರಬೇಕು. ಎಂದರೆ ಕಾದ ಇಂಜಿನಿನಲ್ಲಿ 40ರ ಎಣ್ಣೆ 20ರ ಎಣ್ಣೆಗಿಂತ ಹೆಚ್ಚುಕಡಿಮೆ ಎರಡು ಪಾಲು ಗಟ್ಟಿ.

ಇಲ್ಲಿ ವಾಚಕರು ಒಂದು ಪ್ರಶ್ನೆ ಕೇಳಬಹುದು. ಮುಂಬಯಿಯಲ್ಲಿ ಚಳಿಯೆಲ್ಲಿ? ಸಾಂತಾಕ್ರೂಜಿನಲ್ಲಿ 1962ರ ಜನವರಿಯಲ್ಲಿ ಉಷ್ಣಮಾನ 7.4 ಡಿಗ್ರಿಗೆ ಇಳಿದುದನ್ನೇ ಇಂದಿಗೂ ದಾಖಲೆಯಾಗಿ ನೆನೆಯುತ್ತಾರೆ. ಅಂಥ ಊರಿನಲ್ಲಿ ಹಿಮದ ನಾಡಿನ ಎಣ್ಣೆ ಏತಕ್ಕೆ? ಉತ್ತರವಿಷ್ಟೆ: 100 ಡಿಗ್ರಿಯಲ್ಲಿ ಕೆಲಸ ಮಾಡುವ ಎಣ್ಣೆಗೆ ನಮ್ಮ 25 ಡಿಗ್ರಿಯ ಮುಂಜಾನೆಯೂ ಚಳಿಯೇ. ರಾತ್ರಿಯಿಡೀ ನಿಂತ ಗಾಡಿಯನ್ನು ಚಾಲೂ ಮಾಡಿದೊಡನೆ ಎಣ್ಣೆ ತಳದಿಂದ ಮೇಲೇರಿ ಎಲ್ಲ ಭಾಗಗಳನ್ನೂ ಮುಟ್ಟುವವರೆಗಿನ ಕ್ಷಣಗಳಲ್ಲಿ ಸವೆತ ಅಧಿಕ. ಸಡಿಲವಾದ ಎಣ್ಣೆ ಬೇಗ ಏರುತ್ತದೆ. ಅದೂ ಅಲ್ಲದೆ ಇಂಥ ಎಣ್ಣೆಯನ್ನು ತಳ್ಳಲು ಇಂಜಿನಿಗೆ ಶ್ರಮ ಕಡಿಮೆಯಾಗಿ ಇಂಧನವೂ ತುಸು ಉಳಿಯುತ್ತದೆ.

ನಮ್ಮ ಹಿರಿಯ ಚಾಲಕರು ಮಾತ್ರ ಇದನ್ನು ಸುಲಭದಲ್ಲಿ ಒಪ್ಪುವುದಿಲ್ಲ. “ಮುಂಬಯಿಯ ಸೆಕೆಗೆ ದಪ್ಪ ಎಣ್ಣೆಯೇ ಲೇಸು” ಎಂಬುದು ಅವರ ಮತ. ಅದು ನಿರಾಧಾರವಾದ ಮಾತಲ್ಲ. ಅದು ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ಕಾಲದ ಅನುಭವ. ಅಂದಿನ ಇಂಜಿನುಗಳ ಸಂದುಗಳು ಅಗಲವಾಗಿದ್ದುವು. 20ಡಬ್ಲ್ಯು-40ರಂತಹ ಎಣ್ಣೆ ಅವುಗಳಿಗೆ ಒಪ್ಪುತ್ತಿತ್ತು. ಆದರೆ ಆ ಟ್ಯಾಕ್ಸಿಗಳ ಕೊನೆಯ ಗಾಡಿಯೂ 2023ರ ಅಕ್ಟೋಬರಿನಲ್ಲಿ ಮುಂಬಯಿಯ ರಸ್ತೆಯಿಂದ ನಿರ್ಗಮಿಸಿತು. 20ರ ಎಣ್ಣೆಗೆಂದು ರಚಿಸಿದ ಹೊಸ ಇಂಜಿನಿಗೆ 40ರ ಎಣ್ಣೆ ಹಾಕಿದರೆ ಅದು ಕೂಡಲೇ ಒಡೆದುಹೋಗುವುದಿಲ್ಲವೆಂಬುದು ನಿಜ. ಆದರೆ ಬೆಳಗಿನ ಹೊತ್ತು ಎಣ್ಣೆ ತಡವಾಗಿ ತಲುಪುತ್ತದೆ, ಕವಾಟಗಳ ಸಮಯ ತಿದ್ದುವ ಭಾಗ ಜಡವಾಗುತ್ತದೆ, ಪೆಟ್ರೋಲು ಹೆಚ್ಚು ಸುಡುತ್ತದೆ. ಮುಂದೆ ಏನಾದರೂ ಕೆಟ್ಟಾಗ ವಾರಂಟಿಯ ಪ್ರಶ್ನೆಯೂ ಏಳುತ್ತದೆ.

ಕೆಲವು ಕೈಪಿಡಿಗಳು ಒಂದೇ ಎಣ್ಣೆಯನ್ನು ಹೇಳದೆ ಹವೆಯ ಉಷ್ಣತೆಗೆ ತಕ್ಕಂತೆ ಎರಡು ಮೂರು ದರ್ಜೆಗಳ ಪಟ್ಟಿಯನ್ನು ಕೊಡುತ್ತವೆ. ಅಂಥಲ್ಲಿ, ಘಾಟಿಯ ದಾರಿಯಲ್ಲಿ ತುಂಬು ಭಾರ ಹೊತ್ತು ಪದೇ ಪದೇ ಓಡುವವರು ಪಟ್ಟಿಯೊಳಗಿನ ಗಟ್ಟಿ ದರ್ಜೆಯನ್ನು ಆರಿಸಿಕೊಳ್ಳಬಹುದು. ಪಟ್ಟಿಯ ಹೊರಗೆ ಕಾಲಿಡಬಾರದು.

ಅಕ್ಷರಗಳ ಅರ್ಥ

ಅಂಕಿಗಳನ್ನು ನೋಡಿ ಅಲ್ಲಿಗೇ ನಿಲ್ಲಿಸುವವರು ಬಹಳ ಮಂದಿ. ಆದರೆ ಅಂಕಿ ಹೇಳುವುದು ಎಣ್ಣೆಯ ಗಟ್ಟಿತನವನ್ನು ಮಾತ್ರ. ಗುಣವನ್ನು ಹೇಳುವುದು ಅದರ ಪಕ್ಕದ ಅಕ್ಷರಗಳು. ಪೆಟ್ರೋಲು ಇಂಜಿನುಗಳಿಗೆ ಎ.ಪಿ.ಐ. ಎಂಬ ಅಮೆರಿಕದ ಸಂಸ್ಥೆ ಕೊಡುವ ದರ್ಜೆಗಳು ಎಸ್ ಅಕ್ಷರದಿಂದ ಆರಂಭವಾಗುತ್ತವೆ. ಎರಡನೆಯ ಅಕ್ಷರ ಮುಂದಕ್ಕೆ ಹೋದಷ್ಟೂ ದರ್ಜೆ ಹೊಸತು. ಎಸ್.ಎನ್. ಎಂಬುದು 2010ರಲ್ಲಿ, ಎಸ್.ಪಿ. ಎಂಬುದು 2020ರ ಮೇ ತಿಂಗಳಲ್ಲಿ, ಎಸ್.ಕ್ಯು. ಎಂಬುದು 2025ರ ಮಾರ್ಚಿನಲ್ಲಿ ಜಾರಿಗೆ ಬಂದುವು. ಕೈಪಿಡಿ ಎಸ್.ಎನ್. ಕೇಳಿದ್ದರೆ ಎಸ್.ಪಿ. ಹಾಕಬಹುದು, ಎಸ್.ಪಿ. ಕೇಳಿದ್ದರೆ ಎಸ್.ಎನ್. ಹಾಕಬಾರದು.

ಈ ಅಕ್ಷರಗಳ ಹಿಂದೆ ನಿಜವಾದ ಕಾರಣವಿದೆ. ಟರ್ಬೊ ಇರುವ, ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲು ಚಿಮ್ಮುವ ಸಣ್ಣ ಇಂಜಿನುಗಳಲ್ಲಿ, ಕಡಿಮೆ ವೇಗದಲ್ಲಿ ಹೆಚ್ಚು ಒತ್ತಿದಾಗ ಕಿಡಿ ಬೀಳುವ ಮೊದಲೇ ಇಂಧನ ಹೊತ್ತಿಕೊಳ್ಳುವ ಪೀಡೆಯೊಂದು ಕಂಡುಬಂತು. ಪಿಸ್ಟನನ್ನೇ ಒಡೆಯಬಲ್ಲ ಈ ಪೀಡೆಗೆ ಎಣ್ಣೆಯೊಳಗಿನ ರಾಸಾಯನಿಕಗಳೂ ಒಂದು ಕಾರಣವೆಂದು ತಿಳಿದುಬಂದು, ಅದನ್ನು ತಡೆಯುವ ಪರೀಕ್ಷೆಯನ್ನು ಎಸ್.ಪಿ. ದರ್ಜೆಯಲ್ಲಿ ಸೇರಿಸಿದರು. ಟೈಮಿಂಗ್ ಚೈನಿನ ಸವೆತದ ಪರೀಕ್ಷೆಯೂ ಅದರಲ್ಲಿಯೇ ಬಂತು. ಟರ್ಬೊ ಪೆಟ್ರೋಲು ಗಾಡಿ ಇರುವವರು ಈ ಎರಡಕ್ಷರಗಳನ್ನು ಅವಶ್ಯ ನೋಡಬೇಕು.

ಡೀಸೆಲ್ ಗಾಡಿಗಳ ಮಾತು ಬೇರೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ, ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಡಿ.ಪಿ.ಎಫ್. ಎಂಬ ಜಾಲರಿ ಸೇರಿಕೊಂಡಿದೆ. ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳುತ್ತದೆ. ಎಣ್ಣೆಯಿಂದ ಬರುವ ಬೂದಿಯನ್ನು ಮಾತ್ರ ಸುಡಲಾರದು. ಬೂದಿ ತುಂಬಿದರೆ ಜಾಲರಿ ಕಟ್ಟಿಕೊಳ್ಳುತ್ತದೆ, ಹೊಸದಕ್ಕೆ ದೊಡ್ಡ ಮೊತ್ತವೇ ಬೇಕಾಗುತ್ತದೆ. ಆದುದರಿಂದ ಇಂಥ ಗಾಡಿಗಳಿಗೆ ಬೂದಿ ಕಡಿಮೆಯಿರುವ ಎಣ್ಣೆಯೇ ಬೇಕು. ಯುರೋಪಿನ ಎ.ಸಿ.ಇ.ಎ. ಸಂಸ್ಥೆಯ ಸಿ2, ಸಿ3, ಸಿ5 ಮುಂತಾದ ‘ಸಿ’ ವರ್ಗದ ದರ್ಜೆಗಳು ಇವೇ. ಟ್ರಕ್ಕಿಗೆ ಹಾಕಿ ಮಿಕ್ಕ ಡೀಸೆಲ್ ಎಣ್ಣೆ ಅಗ್ಗಕ್ಕೆ ಸಿಕ್ಕಿತೆಂದು ಹೊಸ ಡೀಸೆಲ್ ಗಾಡಿಗೆ ಸುರಿಯುವುದು ಉಳಿತಾಯವಲ್ಲ.

ಗಾಡಿಯ ಹೆಸರನ್ನು ಹೇಳಿ ಎಣ್ಣೆ ಕೇಳುವುದೂ ಸಾಲದು. ಉದಾಹರಣೆಗೆ ಹ್ಯುಂಡೈ ವೆನ್ಯೂ ಎಂಬ ಒಂದೇ ಹೆಸರಿನ ಗಾಡಿ ಸಾಧಾರಣ ಪೆಟ್ರೋಲು, ಟರ್ಬೊ ಪೆಟ್ರೋಲು, ಡೀಸೆಲು ಎಂದು ಮೂರು ಬಗೆಯ ಇಂಜಿನುಗಳಲ್ಲಿ ಬರುತ್ತದೆ. ಟಾಟಾ ನೆಕ್ಸಾನಿನಲ್ಲಿ ಪೆಟ್ರೋಲು, ಡೀಸೆಲು, ಸಿ.ಎನ್.ಜಿ. ಬಗೆಗಳಿವೆ, ಅದೇ ಹೆಸರಿನ ವಿದ್ಯುತ್ ಗಾಡಿಗೆ ಇಂಜಿನ್ ಎಣ್ಣೆಯೇ ಬೇಡ. ನೆರೆಮನೆಯವರ ಗಾಡಿಗೆ ಹಾಕಿದ್ದೇ ನಮ್ಮದಕ್ಕೂ ಆದೀತೆಂಬ ಭಾವನೆ ಇಲ್ಲಿಯೇ ಮೋಸಹೋಗುತ್ತದೆ.

‘ಸಿಂಥೆಟಿಕ್’ ಎಂಬ ಮಾತು

ಪೂರ್ಣ ಸಿಂಥೆಟಿಕ್, ಅರೆ ಸಿಂಥೆಟಿಕ್, ಖನಿಜ ಎಂದು ಅಂಗಡಿಯಲ್ಲಿ ಮೂರು ಬೆಲೆಗಳಿರುತ್ತವೆ. ಸಿಂಥೆಟಿಕ್ ಎಂದು ಮಾರಲ್ಪಡುವ ಎಣ್ಣೆಗಳಲ್ಲಿ ಬಹುಪಾಲು, ಕಚ್ಚಾ ತೈಲವನ್ನೇ ಜಲಜನಕದಿಂದ ಬಹಳವಾಗಿ ಸಂಸ್ಕರಿಸಿ ಪಡೆದ ಮೂಲತೈಲದಿಂದ ಆದುವು. ಇವನ್ನು ಸಿಂಥೆಟಿಕ್ ಎನ್ನಬಹುದೇ ಎಂಬ ವಿವಾದ ಅಮೆರಿಕದಲ್ಲಿ ಎರಡು ದೊಡ್ಡ ಕಂಪನಿಗಳ ನಡುವೆ ನಡೆದು, 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಲಿ ಎನ್ನಬಹುದೆಂದು ತೀರ್ಮಾನಿಸಿತು. ಹೇಗಿದ್ದರೂ ಇಂಥ ಎಣ್ಣೆ ಬಿಸಿಯನ್ನು ಹೆಚ್ಚು ತಾಳುತ್ತದೆ, ಬೇಗ ಜಿಡ್ಡುಗಟ್ಟುವುದಿಲ್ಲ. 0ಡಬ್ಲ್ಯು-20ರಂತಹ ಸಡಿಲ ದರ್ಜೆಯ ಎಣ್ಣೆಯನ್ನು ಇಂಥ ಮೂಲತೈಲವಿಲ್ಲದೆ ಮಾಡುವುದೇ ಕಷ್ಟ. ಆದಕಾರಣ ಕೈಪಿಡಿ ಹೇಳಿದ ಅಂಕಿಯನ್ನೂ ಅಕ್ಷರವನ್ನೂ ನೋಡಿ ಕೊಂಡರೆ ಈ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ. ಸಿಂಥೆಟಿಕ್ ಎಂಬ ಮಾತು ಕೈಪಿಡಿಯ ಅವಧಿಯನ್ನು ಮೀರಿ ಓಡಿಸಲು ಪರವಾನಗಿಯಲ್ಲವೆಂಬುದನ್ನು ಮಾತ್ರ ನೆನಪಿಡಬೇಕು.

ಕಿಲೋಮೀಟರು, ತಿಂಗಳು, ಗಂಟೆ

ಇನ್ನು ಬದಲಾಯಿಸುವ ಕಾಲದ ವಿಚಾರ. ಮಾರುತಿ, ಹ್ಯುಂಡೈ ಮೊದಲಾದ ಕಂಪನಿಗಳ ಪೆಟ್ರೋಲು ಗಾಡಿಗಳಿಗೆ 10,000 ಕಿಲೋಮೀಟರು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬುದು ಸಾಮಾನ್ಯ ನಿಯಮ. ಈ ‘ಯಾವುದು ಮೊದಲೋ’ ಎಂಬ ಮಾತನ್ನು ಅನೇಕರು ಓದಿಯೂ ಮರೆಯುತ್ತಾರೆ. ವರ್ಷಕ್ಕೆ 3,000 ಕಿಲೋಮೀಟರು ಮಾತ್ರ ಓಡಿಸಿದವರು “ಇನ್ನೂ 7,000 ಬಾಕಿ ಇದೆ” ಎಂದು ಲೆಕ್ಕ ಹಾಕುವುದು ತಪ್ಪು. ಅವರ ಪಾಲಿಗೆ ವರ್ಷವೇ ಮಿತಿ.

ಕೈಪಿಡಿಯ ಅದೇ ಪುಟದ ಹತ್ತಿರದಲ್ಲಿ ಇನ್ನೊಂದು ಪಟ್ಟಿ ಇರುತ್ತದೆ. ‘ಕಠಿಣ ಬಳಕೆ’ ಎಂಬ ತಲೆಬರಹದ ಕೆಳಗೆ ಪದೇ ಪದೇ ಅಲ್ಪದೂರದ ಓಟ, ಸೆಕೆಯಲ್ಲಿ ದಟ್ಟಣೆಯ ಸಂಚಾರ, ಇಂಜಿನನ್ನು ಚಾಲೂ ಇಟ್ಟು ಬಹಳ ಹೊತ್ತು ನಿಲ್ಲಿಸುವುದು, ಧೂಳಿನ ದಾರಿ, ಅಧಿಕ ಭಾರ ಎಂದು ಬರೆದಿರುತ್ತಾರೆ. ಇವುಗಳಿಗೆ ಅನೇಕ ಕಂಪನಿಗಳು ಅವಧಿಯನ್ನು ಅರ್ಧಕ್ಕೆ ಇಳಿಸಿ 5,000 ಕಿಲೋಮೀಟರು ಅಥವಾ ಆರು ತಿಂಗಳು ಎನ್ನುತ್ತವೆ. ಆ ಪಟ್ಟಿಯನ್ನು ಓದಿದರೆ ಅದು ಆಂಟಾಪ್ ಹಿಲ್ಲಿನ ದಿನಚರಿಯನ್ನು ನೋಡಿಯೇ ಬರೆದಂತೆ ತೋರುತ್ತದೆ.

ನಮ್ಮ ಗುಮಾಸ್ತ ವಾಚಕರಿಗೆ ಇದನ್ನು ಲೆಕ್ಕದಲ್ಲಿಯೇ ತೋರಿಸಬಹುದು. ಹೆದ್ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರಿನ ಸರಾಸರಿಯಲ್ಲಿ ಓಡಿದ ಗಾಡಿ 10,000 ಕಿಲೋಮೀಟರನ್ನು ಸುಮಾರು 167 ಗಂಟೆಗಳಲ್ಲಿ ಮುಗಿಸುತ್ತದೆ. ಸಾಯನ್, ಕುರ್ಲಾಗಳ ದಟ್ಟಣೆಯಲ್ಲಿ ಗಂಟೆಗೆ 15 ಕಿಲೋಮೀಟರಿನಂತೆ ತೆವಳಿದ ಗಾಡಿಗೆ ಅಷ್ಟೇ ದೂರಕ್ಕೆ 667 ಗಂಟೆಗಳು ಬೇಕು. ದೂರದ ಮೀಟರು ಎರಡಕ್ಕೂ ಒಂದೇ ಅಂಕಿಯನ್ನು ತೋರಿಸುತ್ತದೆ. ಎರಡನೆಯ ಗಾಡಿಯ ಎಣ್ಣೆ ಮಾತ್ರ ನಾಲ್ಕು ಪಾಲು ಹೊತ್ತು ದುಡಿದಿರುತ್ತದೆ. ಹೋಟೆಲಿನಲ್ಲಿ ಹಾಜರಿ ಪುಸ್ತಕವನ್ನು ನೋಡದೆ, ಕೆಲಸಗಾರ ಎಷ್ಟು ಮೈಲು ನಡೆದನೆಂದು ಎಣಿಸಿ ಪಗಾರ ಕೊಟ್ಟರೆ ಹೇಗೋ ಹಾಗೆ ಇದು.

ಅಲ್ಪದೂರದ ಓಟದಲ್ಲಿ ಇನ್ನೊಂದು ತೊಂದರೆಯಿದೆ. ಒಂದು ಲೀಟರು ಪೆಟ್ರೋಲು ಉರಿದರೆ ಸರಿಸುಮಾರು ಒಂದು ಲೀಟರು ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಹೊಗೆಕೊಳವೆಯಿಂದ ಹೋದರೂ, ಒಂದಂಶ ಪಿಸ್ಟನಿನ ಬಳೆಗಳ ಪಕ್ಕದಿಂದ ಇಳಿದು ಎಣ್ಣೆಯನ್ನು ಸೇರುತ್ತದೆ. ಉರಿಯದ ಪೆಟ್ರೋಲಿನ ಹನಿಗಳೂ ಅದರ ಜತೆಗೂಡುತ್ತವೆ. ಎಣ್ಣೆ ಚೆನ್ನಾಗಿ ಕಾದು ಅರ್ಧ ಗಂಟೆ ಓಡಿದರೆ ಇವೆರಡೂ ಆವಿಯಾಗಿ ಹೋಗುತ್ತವೆ. ಮಾಟುಂಗಾಕ್ಕೆ ಹೋಗಿ ನಿಂತ ಗಾಡಿಯಲ್ಲಿ ಎಣ್ಣೆ ಕಾಯುವುದೇ ಇಲ್ಲ. ನೀರಿನ ಬಿಸಿ ತೋರಿಸುವ ಮುಳ್ಳು ಮೇಲಕ್ಕೇರಿದರೂ ಎಣ್ಣೆ ಅದಕ್ಕಿಂತ ತಡವಾಗಿ ಕಾಯುತ್ತದೆಂಬುದನ್ನು ಗಮನಿಸಬೇಕು. ಹೀಗೆ ದಿನದಿನವೂ ನೀರು, ಪೆಟ್ರೋಲು, ಆಮ್ಲ ಸೇರಿ ಎಣ್ಣೆ ಸತ್ತ್ವಹೀನವಾಗುತ್ತದೆ. ವಾರಕ್ಕೊಮ್ಮೆಯಾದರೂ ಬೆಳಗಿನ ಜಾವ ಈಸ್ಟರ್ನ್ ಫ್ರೀವೇಯಂತಹ ತೆರೆದ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಬಂದರೆ ಎಣ್ಣೆಗೂ ಬ್ಯಾಟರಿಗೂ ಹಿತ.

ಆದುದರಿಂದ ನಮ್ಮ ಸಲಹೆ ಹೀಗಿದೆ. ಪ್ರತಿದಿನ ದಟ್ಟಣೆಯಲ್ಲಿ ಓಡುವ ಗಾಡಿಗೆ ಕೈಪಿಡಿಯ ಕಠಿಣ ಬಳಕೆಯ ಅವಧಿಯನ್ನೇ ಅನುಸರಿಸಿರಿ. ವಾರಕ್ಕೊಮ್ಮೆ ಮಾತ್ರ ಹೊರಬಂದು, ಬಂದಾಗ ಒಂದಷ್ಟು ದೂರ ಓಡುವ ಗಾಡಿಗೆ ವರ್ಷಕ್ಕೊಮ್ಮೆ ಸಾಕು; ಆದರೆ ವರ್ಷ ಮೀರಬಾರದು. ತಿಂಗಳಿಗೆ ಎರಡು ಸಲ ಪುಣೆ, ಕೊಲ್ಹಾಪುರಗಳ ಕಡೆಗೆ ಹೆದ್ದಾರಿಯಲ್ಲಿ ಹೋಗುವ ಗಾಡಿಗೆ ಸಾಮಾನ್ಯ ಅವಧಿಯೇ ಸರಿ. ಮೂರು ಸಾವಿರಕ್ಕೆಲ್ಲ ಬದಲಾಯಿಸುವುದು ವ್ಯರ್ಥ ವೆಚ್ಚ. ಹೊಸ ಗಾಡಿಯ ಮೊದಲ ಸಾವಿರ ಕಿಲೋಮೀಟರಿಗೆ ಎಣ್ಣೆ ಬದಲಾಯಿಸಬೇಕೆಂಬುದೂ ಹಳೆಯ ಪದ್ಧತಿ. ಕೈಪಿಡಿ ಹೇಳದಿದ್ದರೆ ಬೇಕಾಗಿಲ್ಲ.

ಬಾಣಲೆಯ ಎಣ್ಣೆ, ಇಂಜಿನಿನ ಎಣ್ಣೆ

ಅಡಿಗೆಮನೆಯಲ್ಲಿ ದುಡಿಯುವ ನಮ್ಮ ಬಾಂಧವರಿಗೆ ಎಣ್ಣೆ ಹಳತಾಗುವ ಪರಿಯನ್ನು ಯಾರೂ ಕಲಿಸಬೇಕಾಗಿಲ್ಲ. ವಡೆ, ಬಜೆ ಕರಿದು ಕರಿದು ಬಾಣಲೆಯ ಎಣ್ಣೆ ಕಪ್ಪಾಗಿ ನೊರೆಯೆದ್ದಾಗ ಭಟ್ಟರು ಕಣ್ಣಿನಿಂದಲೂ ಮೂಗಿನಿಂದಲೂ ಅದನ್ನು ಗುರುತಿಸುತ್ತಾರೆ. ಅಲ್ಲಿಯೂ ಈಗ ಕಣ್ಣಂದಾಜು ಮಾತ್ರ ಸಾಲದೆಂದು, 2018ರ ಜುಲೈ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರವು ಕರಿದ ಎಣ್ಣೆಯಲ್ಲಿನ ಧ್ರುವೀಯ ಸಂಯುಕ್ತಗಳು ಶೇಕಡ 25ನ್ನು ಮೀರಬಾರದೆಂಬ ಮಿತಿಯನ್ನು ವಿಧಿಸಿದೆ.

ಇಂಜಿನಿನ ಎಣ್ಣೆಯಲ್ಲಿ ಕಣ್ಣು ಇನ್ನೂ ಹೆಚ್ಚು ಮೋಸಹೋಗುತ್ತದೆ. ಮಸಿಯನ್ನು ತನ್ನಲ್ಲಿ ಕರಗಿಸಿಟ್ಟುಕೊಳ್ಳುವುದೇ ಒಳ್ಳೆಯ ಎಣ್ಣೆಯ ಗುಣವಾದುದರಿಂದ ಅದು ಕಪ್ಪಾಗುವುದು ಸಹಜ. ಡೀಸೆಲ್ ಗಾಡಿಯಲ್ಲಿ ಹೊಸ ಎಣ್ಣೆ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಅದನ್ನು ಬೆರಳಿಗೆ ಹಚ್ಚಿ ತೋರಿಸಿ “ಸತ್ತುಹೋಗಿದೆ” ಎಂದು ಬದಲಾಯಿಸ ಹೇಳುವವರ ಮಾತನ್ನು ನಂಬಬೇಕಾಗಿಲ್ಲ. ಅದೇ ಪ್ರಕಾರ ಹೊನ್ನಿನ ಬಣ್ಣ ಉಳಿದಿದೆಯೆಂದು ಎರಡು ವರ್ಷ ಬಿಡುವುದೂ ಸಲ್ಲದು. ಕಣ್ಣಿಗೆ ನಿಜವಾಗಿ ತಿಳಿಯುವ ಅಪಾಯದ ಚಿಹ್ನೆ ಒಂದೇ: ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆಯೆಂದು ಅರ್ಥ. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್ಲಿನ ಗಾಂಧೀ ಮಾರ್ಕೆಟಿನಂತಹ ತಗ್ಗಿನಲ್ಲಿ ಗಾಡಿ ಮುಳುಗಿ ನಿಂತರೆ ಪುನಃ ಚಾಲೂ ಮಾಡಲು ಯತ್ನಿಸದೆ ಎಳೆಸಿಕೊಂಡು ಹೋಗಿ ಎಣ್ಣೆಯನ್ನು ಪರೀಕ್ಷಿಸಬೇಕು.

ಡೀಸೆಲ್ ಗಾಡಿಯವರು ಇನ್ನೊಂದನ್ನು ಲಕ್ಷಿಸಬೇಕು. ಡಿ.ಪಿ.ಎಫ್. ತನ್ನ ಮಸಿಯನ್ನು ಸುಡಲು ಸುಮಾರು 600 ಡಿಗ್ರಿ ಶಾಖ ಬೇಕು; ಅದಕ್ಕಾಗಿ ಇಂಜಿನು ಹೆಚ್ಚುವರಿ ಡೀಸೆಲನ್ನು ಚಿಮ್ಮುತ್ತದೆ. ನಡುವೆಯೇ ಗಾಡಿಯನ್ನು ನಿಲ್ಲಿಸಿದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ಪದೇ ಪದೇ ಆದಾಗ ಡೀಸೆಲು ಇಳಿದು ಎಣ್ಣೆಯಲ್ಲಿ ಬೆರೆಯುತ್ತದೆ. ಅಳತೆಯ ಕಡ್ಡಿಯಲ್ಲಿ ಎಣ್ಣೆ ತಗ್ಗುವ ಬದಲು ಏರಿದ್ದರೆ ಸಂತೋಷಪಡಬಾರದು. ಎಣ್ಣೆ ನೀರಾಗುತ್ತಿದೆಯೆಂದು ತಿಳಿದು ಕೂಡಲೇ ಬದಲಾಯಿಸಬೇಕು. ನಿತ್ಯವೂ ನಾಲ್ಕು ಕಿಲೋಮೀಟರು ಮಾತ್ರ ಓಡುವ ಮನೆಯವರು ಮೊದಲೇ ಪೆಟ್ರೋಲು ಗಾಡಿ ಕೊಳ್ಳುವುದು ಜಾಣತನ.

ಊರಿಗೆ ಹೊರಡುವ ಮುನ್ನ

ಮುಂಬಯಿಯಿಂದ ಉಡುಪಿಗೆ ಸುಮಾರು 900 ಕಿಲೋಮೀಟರು. ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳನ್ನು ಹಾದು ಅರಬೈಲು ಘಾಟಿ ಇಳಿದು ಅಂಕೋಲೆಗೆ ಬಂದರೂ, ಕೊಂಕಣದ ಹೆದ್ದಾರಿ ಹಿಡಿದು ಗೋವೆಯ ಮೇಲಿಂದ ಹೋದರೂ, ತುಂಬಿದ ಗಾಡಿ ಏರಿಳಿತದ ದಾರಿಯಲ್ಲಿ ಇಡೀ ದಿನ ದುಡಿಯಬೇಕು. ಹೋಗಿಬರುವುದಕ್ಕೂ ಊರಿನ ತಿರುಗಾಟಕ್ಕೂ ಕೂಡಿ 2,000 ಕಿಲೋಮೀಟರು ಹಿಡಿಯಿರಿ. ಎಣ್ಣೆಯ ಅವಧಿಯಲ್ಲಿ ಅಷ್ಟು ಉಳಿದಿಲ್ಲವಾದರೆ ಹೊರಡುವ ಮೊದಲೇ ಬದಲಾಯಿಸುವುದು ಮೇಲು.

ಹೊರಡುವ ಮುನ್ನಾದಿನ ಅಳತೆಯ ಕಡ್ಡಿಯನ್ನು ನೋಡುವುದು ಮನೆಯವರೇ ಮಾಡಬಹುದಾದ ಕೆಲಸ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಕಾದ ಇಂಜಿನನ್ನು ಆರಿಸಿ, ಐದು ಹತ್ತು ನಿಮಿಷ ಕಾದು, ಕಡ್ಡಿಯನ್ನು ಎಳೆದು ಒರಸಿ, ಮತ್ತೆ ಪೂರ್ತಿ ಅದ್ದಿ ತೆಗೆಯಬೇಕು. ಎರಡು ಗುರುತುಗಳ ನಡುವೆ ಎಣ್ಣೆ ಇದ್ದರೆ ಸರಿ. ಹಲವು ಗಾಡಿಗಳಲ್ಲಿ ಈ ಎರಡು ಗುರುತುಗಳ ಅಂತರ ಸುಮಾರು ಒಂದು ಲೀಟರು. ಕಡಿಮೆಯಿದ್ದರೆ ಸ್ವಲ್ಪ ಸ್ವಲ್ಪವಾಗಿ ಹಾಕಿ ನೋಡಬೇಕು. ಮೇಲಿನ ಗುರುತನ್ನು ಮೀರಿಸಿದರೆ ತಿರುಗುವ ಅಚ್ಚು ಎಣ್ಣೆಯನ್ನು ಮಜ್ಜಿಗೆಯಂತೆ ಕಡೆದು ನೊರೆಯೆಬ್ಬಿಸುತ್ತದೆ, ನೊರೆಗೆ ಒತ್ತಡ ನಿಲ್ಲದು. ಅದೇ ದರ್ಜೆಯ ಒಂದು ಲೀಟರಿನ ಡಬ್ಬಿಯನ್ನು ಜತೆಯಲ್ಲಿ ಒಯ್ಯುವುದು ಒಳ್ಳೆಯದು. ಘಾಟಿಯ ನಡುವೆ 0ಡಬ್ಲ್ಯು-20 ಸಿಗುವ ಭರವಸೆಯಿಲ್ಲ.

ದಾರಿಯಲ್ಲಿ ಎಣ್ಣೆಯ ಕೆಂಪು ದೀಪ ಹೊತ್ತಿತೆಂದರೆ, “ಮುಂದಿನ ಪಂಪಿನವರೆಗೆ ಹೋಗೋಣ” ಎನ್ನಬಾರದು. ಆ ದೀಪ ಒತ್ತಡ ಬಿದ್ದುಹೋದುದರ ಸೂಚನೆ. ಗಾಡಿಯನ್ನು ಬದಿಗೆ ತಂದು ಒಡನೆ ಇಂಜಿನು ಆರಿಸಬೇಕು. ಕೆಲವೇ ನಿಮಿಷಗಳ ಹಟ ಇಡೀ ಇಂಜಿನನ್ನು ನುಂಗಿಬಿಡುತ್ತದೆ.

ಕೊಳ್ಳುವಾಗಿನ ಎಚ್ಚರ

ಹೆಸರಾಂತ ಕಂಪನಿಗಳ ಖಾಲಿ ಡಬ್ಬಿಗಳಲ್ಲಿ ಕಲಬೆರಕೆ ಎಣ್ಣೆ ತುಂಬಿ ಮಾರುವ ದಂಧೆ ದೇಶದಲ್ಲಿದೆ. ಅಧಿಕೃತ ಮಾರಾಟಗಾರರಿಂದ ಅಥವಾ ಪರಿಚಿತ ಪೆಟ್ರೋಲು ಪಂಪಿನಿಂದ ಬಿಲ್ಲಿನೊಡನೆ ಕೊಳ್ಳಿರಿ. ಮುಚ್ಚಳದ ಮುದ್ರೆ ಒಡೆಯದಿರುವುದನ್ನು ನೋಡಿರಿ, ಕಣ್ಣೆದುರಿಗೆ ತೆರೆಸಿರಿ. ಖಾಲಿಯಾದ ಡಬ್ಬಿಗೆ ತೂತು ಮಾಡಿಯೇ ಎಸೆಯಿರಿ. ನಮ್ಮ ಡಬ್ಬಿ ನಾಳೆ ಬೇರೊಬ್ಬರಿಗೆ ಮೋಸದ ಸಾಧನವಾಗಬಾರದು. ಎಣ್ಣೆಯೊಡನೆ ಫಿಲ್ಟರನ್ನೂ, ತಳದ ಬೋಲ್ಟಿನ ವಾಷರನ್ನೂ ಬದಲಾಯಿಸಬೇಕು. ಕೈಪಿಡಿಯಲ್ಲಿ ಇಲ್ಲದ ‘ಇಂಜಿನ್ ಫ್ಲಶ್’, ಸೇರ್ಪಡೆ ದ್ರವ ಮೊದಲಾದುವನ್ನು ಬಿಲ್ಲಿಗೆ ಸೇರಿಸಲು ಬಂದರೆ ಬೇಡವೆನ್ನಲು ಸಂಕೋಚಪಡಬೇಕಾಗಿಲ್ಲ. ಎಷ್ಟು ಲೀಟರು ಹಾಕಿದರೆಂಬುದನ್ನು ಕೈಪಿಡಿಯ ಅಳತೆಗೆ ಹೋಲಿಸಿ ನೋಡಿರಿ.

ವಾರಂಟಿ ಇರುವವರೆಗೆ ಕಂಪನಿಯ ಅಧಿಕೃತ ಕೇಂದ್ರದಲ್ಲಿಯೇ ಕಾಲಕ್ಕೆ ಸರಿಯಾಗಿ ಕೆಲಸ ಮಾಡಿಸಿ ದಾಖಲೆ ಇಟ್ಟುಕೊಳ್ಳುವುದು ನಿರಾತಂಕದ ದಾರಿ. ಎರಡು ಅವಧಿಗಳ ನಡುವೆ ನಾವಾಗಿ ಮಾಡಿಸುವ ಹೆಚ್ಚಿನ ಬದಲಾವಣೆಗೂ ಎಣ್ಣೆಯ ದರ್ಜೆ, ದಿನಾಂಕ, ಕಿಲೋಮೀಟರು ನಮೂದಾದ ಬಿಲ್ಲು ಕೈಯಲ್ಲಿರಲಿ.

ಇಳಿಸಿದ ಹಳೆಯ ಎಣ್ಣೆ ಎಲ್ಲಿಗೆ ಹೋಗುತ್ತದೆಂದು ಕೇಳುವುದೂ ನಮ್ಮ ಕರ್ತವ್ಯ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಅದನ್ನು ಮರಳಿ ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ತಯಾರಕರ ಮೇಲೂ ಹೊರಿಸಲಾಗಿದೆ. ರಸ್ತೆಬದಿಯಲ್ಲಿ ಗಟಾರಕ್ಕೆ ಸುರಿದ ಎಣ್ಣೆ ಇಲ್ಲಿಂದ ಹರಿಯುವುದು ಖಾಡಿಗೆ. ಅಲ್ಲಿಂದ, ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುವ ಶಿವಡಿಯ ಕೆಸರುಬಯಲಿಗೆ. ಹಳೆಯ ಎಣ್ಣೆಯನ್ನು ಪೀಪಾಯಿಯಲ್ಲಿ ಹಿಡಿದಿಟ್ಟು ಪರವಾನಗಿಯುಳ್ಳವರಿಗೆ ಒಪ್ಪಿಸುವ ಗ್ಯಾರೇಜನ್ನೇ ಆರಿಸಿಕೊಳ್ಳಬೇಕು.

ಕೊನೆಯ ಮಾತು

ಇಷ್ಟೆಲ್ಲ ಜಾಗ್ರತೆಗೆ ವೆಚ್ಚವೆಷ್ಟು? ಒಂದು ಸಲದ ಬದಲಾವಣೆಗೆ ಎಣ್ಣೆ, ಫಿಲ್ಟರು, ಕೂಲಿ ಸಹಿತ 4,000 ರೂಪಾಯಿ ಎಂದಿಟ್ಟುಕೊಳ್ಳೋಣ. ಕಠಿಣ ಬಳಕೆಯ ಗಾಡಿಗೆ ವರ್ಷದಲ್ಲಿ ಒಂದರ ಬದಲು ಎರಡು ಸಲ ಮಾಡಿಸಿದರೆ ಹೆಚ್ಚಿನ ಖರ್ಚು ತಿಂಗಳಿಗೆ 333 ರೂಪಾಯಿ, ದಿನಕ್ಕೆ ಹನ್ನೊಂದು; ಒಂದು ಕಟಿಂಗ್ ಚಹಾದ ಬೆಲೆ. ಇಂಜಿನು ಬಿಚ್ಚಿಸಿ ಕಟ್ಟಿಸುವ ಪ್ರಸಂಗ ಬಂದರೆ ಹಲವು ತಿಂಗಳ ಪಗಾರ ಹೋಗುತ್ತದೆ. ಅತ್ತ ಸಾಲದ ಕಂತು ನಿಲ್ಲುವುದಿಲ್ಲ.

ದಿನವೂ ಜಮಾಖರ್ಚು ಬರೆಯುವ ಕೈಗಳಿಗೆ ಇನ್ನೊಂದು ಪುಟ ಭಾರವಲ್ಲ. ಗಾಡಿಯ ಪೆಟ್ಟಿಗೆಯಲ್ಲಿ ಒಂದು ಚಿಕ್ಕ ವಹಿಯನ್ನು ಇಟ್ಟು, ಕೈಪಿಡಿಯಲ್ಲಿ ಹೇಳಿದ ಎಣ್ಣೆಯ ಅಂಕಿ ಮತ್ತು ಅಕ್ಷರಗಳನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಅದರ ಕೆಳಗೆ ಎಣ್ಣೆ ಹಾಕಿಸಿದ ದಿನಾಂಕ, ಕಿಲೋಮೀಟರು, ಮುಂದಿನ ದಿನಾಂಕ. ಗಾಡಿಯನ್ನು ಮನೆಯ ಮಗ ಓಡಿಸಲಿ, ಅಳಿಯ ಓಡಿಸಲಿ, ಗ್ಯಾರೇಜಿನವರು ಯಾರೇ ಇರಲಿ, ಆ ಪುಟವನ್ನು ತೋರಿಸಿದರೆ ಸಾಕು. ಈ ಆದಿತ್ಯವಾರ ಬಿಡುವಿನಲ್ಲಿ ಕೈಪಿಡಿಯನ್ನು ಹೊರತೆಗೆದು ಆ ಮೊದಲ ಸಾಲನ್ನು ಬರೆದಿಡಬೇಕೆಂದು ನಮ್ಮ ವಾಚಕರಲ್ಲಿ ನಮ್ಮ ಅರಿಕೆ.